ಟ್ರಾಲಿ ಜ್ಯಾಕ್ ಮತ್ತು ಒಂದು ಜೊತೆ ಸ್ಟ್ಯಾಂಡ್: ನಾಲ್ಕೂವರೆ ವರ್ಷ ಬಳಸಿದ ಮೇಲೆ

ತುಮಕೂರಿನಲ್ಲಿ ನಮ್ಮ ಮನೆ ಮುಂದೆ ಕಾರು ನಿಲ್ಲಿಸಲು ಸಣ್ಣ ಕಾಂಕ್ರೀಟ್ ಜಾಗ ಇದೆ. ನನ್ನ 2013ರ ಪೆಟ್ರೋಲ್ ಸ್ವಿಫ್ಟ್‌ಗೆ ಎಂಜಿನ್ ಆಯಿಲ್ ಬದಲಿಸುವುದು, ಬ್ರೇಕ್ ಪ್ಯಾಡ್ ಹಾಕುವುದು, ಟೈರ್‌ಗಳನ್ನು ಹಿಂದೆ ಮುಂದೆ ಮಾಡುವುದು ಎಲ್ಲ ಅಲ್ಲೇ. ಈ ಕೆಲಸಗಳಿಗಾಗಿ 2020ರ ಕೊನೆಯಲ್ಲಿ ಬೆಂಗಳೂರಿನ ಎಸ್.ಜೆ.ಪಿ. ರೋಡಿಗೆ ಹೋಗಿ ಎರಡು ಟನ್‌ನ, ಗಾಲಿ ಮೇಲೆ ಉರುಳುವ ಟ್ರಾಲಿ ಜ್ಯಾಕ್ ಒಂದು, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಎರಡು ತಂದೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಇದೇ ಆಕಾರದ ಜ್ಯಾಕ್ ಬಣ್ಣ ಬದಲಾಯಿಸಿಕೊಂಡು ನಾಲ್ಕೈದು ಹೆಸರಿನಲ್ಲಿ ಸಿಗುತ್ತದೆ. ಹಾಗಾಗಿ ನಾನು ಹೇಳುವುದು ಈ ಜಾತಿಯ ಎಲ್ಲ ಜ್ಯಾಕ್‌ಗಳಿಗೂ ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಮೊದಲು ಕಾರಿನ ಜೊತೆ ಬಂದ ಕತ್ತರಿ ಜ್ಯಾಕ್ ಬಗ್ಗೆ ಒಂದು ಮಾತು. ಅದನ್ನು ಕೊಟ್ಟಿರುವುದು ದಾರಿಯಲ್ಲಿ ಪಂಕ್ಚರ್ ಆದರೆ ಸ್ಟೆಪ್ನಿ ಹಾಕಿಕೊಳ್ಳಲು ಮಾತ್ರ. ತಳ ಚಿಕ್ಕದು, ಪಕ್ಕಕ್ಕೆ ಸ್ವಲ್ಪ ತಳ್ಳಿದರೂ ವಾಲುತ್ತದೆ. ಅದರ ಮೇಲೆ ಕಾರು ನಿಲ್ಲಿಸಿ ಯಾರೂ ಕೆಳಗೆ ಕೈ ಹಾಕಬೇಡಿ, ತಲೆಯಂತೂ ಬೇಡವೇ ಬೇಡ.

ಟ್ರಾಲಿ ಜ್ಯಾಕ್ ಬಂದ ಮೇಲೆ ಕೆಲಸ ಎಷ್ಟೋ ಹಗುರಾಯಿತು. ಹಿಡಿ ಒತ್ತುತ್ತಾ ಹೋದರೆ ಒಂದು ನಿಮಿಷದೊಳಗೆ ಚಕ್ರ ನೆಲ ಬಿಡುತ್ತದೆ. ಎರಡು ಟನ್ ಸಾಕಾ ಅಂತ ತುಂಬಾ ಜನ ಕೇಳುತ್ತಾರೆ. ಸ್ವಿಫ್ಟ್‌ನ ಇಡೀ ತೂಕವೇ ಒಂದು ಟನ್ ಆಸುಪಾಸು. ಒಂದು ಮೂಲೆ ಎತ್ತುವಾಗ ಜ್ಯಾಕ್ ಮೇಲೆ ಬೀಳುವುದು ಅದರಲ್ಲಿ ಒಂದು ಭಾಗ ಅಷ್ಟೇ. ಶಕ್ತಿ ಸಾಕು. ಸಾಲದೇ ಬರುವುದು ಎತ್ತರ. ನನ್ನ ಜ್ಯಾಕ್ ಹೆಚ್ಚೆಂದರೆ 34 ಸೆಂಟಿಮೀಟರ್ ಏರುತ್ತದೆ. ಸ್ವಿಫ್ಟ್‌ಗೆ ಹೇಗೋ ಆಗುತ್ತದೆ, ಎತ್ತರದ ಎಸ್‌ಯುವಿಗೆ ಆಗುವುದಿಲ್ಲ. ಆಗ ಮೇಲೊಂದು ಮರದ ತುಂಡು ಇಟ್ಟು ಎತ್ತೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಆ ತುಂಡು ಯಾವಾಗ ಬೇಕಾದರೂ ಜಾರಬಹುದು. ಎಸ್‌ಯುವಿ ಇರುವವರು ಮೊದಲೇ ದೊಡ್ಡ ಜ್ಯಾಕ್ ತೆಗೆದುಕೊಳ್ಳಿ. ಅದು ಭಾರ ಜಾಸ್ತಿ, ಮೂಲೆಯಿಂದ ಎಳೆದು ತರುವುದೇ ಒಂದು ಕೆಲಸ. ಆದರೂ ಅದರ ಅಗಲ ತಳಕ್ಕೆ ಬೆಲೆ ಕೊಡಬಹುದು.

ಈಗ ನಾನು ಈ ವಿಮರ್ಶೆ ಬರೆಯಲು ಕೂತ ನಿಜವಾದ ಕಾರಣಕ್ಕೆ ಬರುತ್ತೇನೆ. ಮೂರನೇ ವರ್ಷ, ಮಳೆಗಾಲ ಮುಗಿದ ಮೇಲೆ ಒಂದು ಸಂಜೆ. ಎಡಗಡೆ ಮುಂದಿನ ಚಕ್ರ ಬಿಚ್ಚಿ ಪ್ಯಾಡ್ ನೋಡಬೇಕಿತ್ತು. ಕಾರು ಎತ್ತಿದೆ, ಸ್ಟ್ಯಾಂಡ್ ಕೊಟ್ಟೆ, ಆದರೆ ಜ್ಯಾಕನ್ನೂ ತಾಗಿಸಿಕೊಂಡೇ ಬಿಟ್ಟಿದ್ದೆ. ಅಷ್ಟರಲ್ಲಿ ಅಮ್ಮ ಕಾಫಿಗೆ ಕರೆದರು. ಹತ್ತು ನಿಮಿಷ ಬಿಟ್ಟು ಬಂದರೆ ಜ್ಯಾಕ್‌ನ ತಲೆ ಕಾರಿನಿಂದ ನಾಲ್ಕು ಬೆರಳು ಕೆಳಗಿತ್ತು. ನೆಲದ ಮೇಲೆ ಅಂಗೈಯಗಲ ಎಣ್ಣೆ. ಒಳಗಿನ ಸೀಲ್ ಹೋಗಿತ್ತು. ಶಬ್ದ ಇಲ್ಲ, ಏನಿಲ್ಲ, ಸುಮ್ನೆ ಇಳಿದಿತ್ತು. ಕಾರು ಮಾತ್ರ ಸ್ಟ್ಯಾಂಡ್ ಮೇಲೆ ಕದಲದೆ ನಿಂತಿತ್ತು. ನಾನು ಸ್ವಲ್ಪ ಹೊತ್ತು ಅಲ್ಲೇ ಕುಕ್ಕುರುಗಾಲಲ್ಲಿ ಕೂತುಬಿಟ್ಟೆ.

ಹೈಡ್ರಾಲಿಕ್ ಜ್ಯಾಕ್ ಕಾರನ್ನು ಹಿಡಿದಿರುವುದು ಒಳಗಿನ ಎಣ್ಣೆಯ ಒತ್ತಡದಿಂದ. ಆ ಒತ್ತಡವನ್ನು ಕಾಯುತ್ತಿರುವುದು ರಬ್ಬರಿನ ಒಂದು ಚಿಕ್ಕ ಸೀಲ್, ಒಂದು ವಾಲ್ವ್. ಎಷ್ಟೇ ದುಡ್ಡಿನ ಜ್ಯಾಕ್ ಆದರೂ ಇಷ್ಟೇ. ಸ್ಟ್ಯಾಂಡ್‌ನಲ್ಲಿ ಎಣ್ಣೆ ಇಲ್ಲ, ಸೀಲ್ ಇಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಕೂತಿರುತ್ತದೆ. ಎತ್ತಲು ಜ್ಯಾಕ್, ಹೊರಲು ಸ್ಟ್ಯಾಂಡ್. ಅಂಗಡಿಯಲ್ಲಿ ಬಜೆಟ್ ಕಡಿಮೆ ಬಿದ್ದರೆ ಜ್ಯಾಕ್‌ನಲ್ಲಿ ಉಳಿಸಿ, ಸ್ಟ್ಯಾಂಡ್‌ನಲ್ಲಿ ಉಳಿಸಬೇಡಿ.

ಸ್ಟ್ಯಾಂಡ್‌ಗಳಲ್ಲಿ ಎರಡು ಬಗೆ. ಹಲ್ಲು ಹಲ್ಲಾಗಿ ಏರುವ ರ‍್ಯಾಚೆಟ್ ಒಂದು, ತೂತಿಗೆ ದಪ್ಪ ಪಿನ್ ಹಾಕುವುದು ಇನ್ನೊಂದು. 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ರ‍್ಯಾಚೆಟ್ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡರು. ಹಲ್ಲು ಸರಿಯಾಗಿ ಕಚ್ಚದೆ, ಭಾರ ಅತ್ತಿತ್ತ ಆದಾಗ ಸ್ಟ್ಯಾಂಡ್ ಇಳಿದುಬಿಡುವ ಅಪಾಯ ಇತ್ತು. ಬದಲಿಗೆ ಕೊಟ್ಟ ಕೆಲವು ಸ್ಟ್ಯಾಂಡ್‌ಗಳಲ್ಲಿ ಬೆಸುಗೆಯೇ ಸರಿಯಿಲ್ಲ ಅಂತ ಅವನ್ನೂ ಅದೇ ವರ್ಷ ವಾಪಸ್ ಪಡೆಯಬೇಕಾಯಿತು. ಆ ಸುದ್ದಿ ಓದಿದ್ದರಿಂದಲೇ ನಾನು ಪಿನ್ ಇರುವುದನ್ನು ಹುಡುಕಿ ತಂದೆ. ಎತ್ತರ ಹೊಂದಿಸುವಾಗ ತೂತಿಂದ ತೂತಿಗೆ ಅಂತರ ಜಾಸ್ತಿ, ಅದೊಂದು ತೊಂದರೆ. ಆದರೆ ಪಿನ್ ಆಚೆ ಬದಿಯಿಂದ ಹೊರಗೆ ಬಂದಿರುವುದು ಕಣ್ಣಿಗೆ ಕಾಣುತ್ತದೆ. ನನಗೆ ಅದೇ ಸಮಾಧಾನ. ಕೊಳ್ಳುವಾಗ ಇನ್ನೊಂದು ಕೇಳಿ: ಬರೆದಿರುವ ಟನ್ ಒಂದು ಸ್ಟ್ಯಾಂಡ್‌ನದಾ, ಜೊತೆಯದಾ? ಕೆಲವರು ಜೊತೆಯ ಲೆಕ್ಕವನ್ನು ಬರೆದಿರುತ್ತಾರೆ.

ಸ್ಟ್ಯಾಂಡ್ ತಂದ ದಿನ ಎದುರಾದ ಸಮಸ್ಯೆ ಏನು ಗೊತ್ತಾ? ಬಾಗಿಲ ಕೆಳಗೆ ಉದ್ದಕ್ಕೂ ಒಂದು ತಗಡಿನ ಪಟ್ಟಿ ಇದೆ. ಅದರಲ್ಲಿ ಎರಡೆರಡು ಕಚ್ಚು ಮಾಡಿ ಜ್ಯಾಕ್ ಕೊಡುವ ಜಾಗ ತೋರಿಸಿದ್ದಾರೆ. ಆ ಜಾಗದಲ್ಲಿ ಜ್ಯಾಕ್ ಕೂತರೆ ಸ್ಟ್ಯಾಂಡ್ ಎಲ್ಲಿ ಇಡುವುದು? ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ. ಪರಿಚಯದ ಗ್ಯಾರೇಜಿನಲ್ಲಿ ಕಾರು ಲಿಫ್ಟ್ ಮೇಲಿದ್ದಾಗ ಮೆಕ್ಯಾನಿಕ್ ಅಣ್ಣನನ್ನು ಕೇಳಿ, ಕೆಳಗೆ ನಿಂತು ಗಟ್ಟಿ ಜಾಗಗಳನ್ನು ನೋಡಿಕೊಂಡೆ. ಜ್ಯಾಕ್‌ಗೆ ಯಾವುದು, ಸ್ಟ್ಯಾಂಡ್‌ಗೆ ಯಾವುದು ಅಂತ ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿದೆ. ಐದು ನಿಮಿಷದ ಕೆಲಸ, ಇವತ್ತಿಗೂ ಉಪಯೋಗಕ್ಕೆ ಬರುತ್ತಿದೆ. ಕಾರಿಂದ ಕಾರಿಗೆ ಇದು ಬೇರೆ, ಹಾಗಾಗಿ ನನ್ನ ಗುರುತು ನಿಮಗೆ ಆಗುವುದಿಲ್ಲ. ಮ್ಯಾನುವಲ್ ನೋಡಿ, ಗೊತ್ತಿರುವವರನ್ನು ಕೇಳಿ. ಆಯಿಲ್ ಚೇಂಬರ್, ಗೇರ್ ಬಾಕ್ಸ್, ಸೈಲೆನ್ಸರ್ ಪೈಪಿಗೆ ಮಾತ್ರ ಯಾವತ್ತೂ ಜ್ಯಾಕ್ ಕೊಡಬೇಡಿ.

ಕರಾವಳಿಯವರು ಆ ತಗಡಿನ ಪಟ್ಟಿಯನ್ನು ಎರಡು ಸಲ ನೋಡಿ. ಕುಂದಾಪುರದಲ್ಲಿರುವ ನಮ್ಮ ಭಾವನ ಹಳೆಯ ಕಾರಿಗೆ ಇದೇ ಜ್ಯಾಕ್ ಕೊಟ್ಟಾಗ ಪಟ್ಟಿ ಕರಕರ ಎಂದು ಒಳಗೆ ಹೋಯಿತು. ಮೇಲಿನ ಬಣ್ಣ ಚೆನ್ನಾಗಿತ್ತು, ಒಳಗೆಲ್ಲ ತುಕ್ಕು. ತುಕ್ಕಿಲ್ಲದ ಕಾರಿನಲ್ಲೂ ಜ್ಯಾಕ್‌ನ ಬರೀ ಕಬ್ಬಿಣದ ತಲೆ ತಾಗಿಸಿದರೆ ಪಟ್ಟಿ ಮಡಚಿಕೊಳ್ಳುತ್ತದೆ. ನಡುವೆ ಸೀಳು ಇರುವ ರಬ್ಬರ್ ಪ್ಯಾಡ್ ಒಂದು ಇಟ್ಟುಕೊಳ್ಳಿ, ಬೆಲೆ ಏನೂ ಹೆಚ್ಚಿಲ್ಲ.

ಹ್ಯಾಂಡ್ ಬ್ರೇಕ್ ಹಾಕಿದ್ದೇನೆ, ಇನ್ನೇನು ಅಂತ ಸುಮ್ಮನಿರಬೇಡಿ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು. ಹಿಂಭಾಗ ಎತ್ತಿದ ಕೂಡಲೇ ಆ ಚಕ್ರಗಳು ಗಾಳಿಯಲ್ಲಿರುತ್ತವೆ, ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಕಾರು ಮುಂದಕ್ಕೋ ಹಿಂದಕ್ಕೋ ಉರುಳಲು ತಡೆ ಇರುವುದು ಗೇರ್ ಒಂದೇ. ಅದಕ್ಕೇ ಲಾರಿಯವರು ಟೈರಿಗೆ ಕಲ್ಲು ಕೊಡುವುದು. ನಾನು ಮರದ ಬೆಣೆ ನಾಲ್ಕು ಮಾಡಿಸಿದ್ದೇನೆ. ಮುಂದೆ ಎತ್ತಿದರೆ ಹಿಂದಿನ ಚಕ್ರಗಳಿಗೆ, ಹಿಂದೆ ಎತ್ತಿದರೆ ಮುಂದಿನವಕ್ಕೆ, ಒಂದೊಂದು ಚಕ್ರಕ್ಕೆ ಎರಡೂ ಕಡೆಯಿಂದ. ನಟ್‌ಗಳನ್ನು ಚಕ್ರ ನೆಲದ ಮೇಲಿದ್ದಾಗಲೇ ಅರ್ಧ ಸುತ್ತು ಸಡಿಲ ಮಾಡಿಕೊಳ್ಳುತ್ತೇನೆ. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಇಡೀ ಕಾರು ಅಲುಗಾಡುತ್ತದೆ ಅಲ್ವಾ?

ನೆಲದ ವಿಷಯ. ಕಾಂಕ್ರೀಟ್ ಒಳ್ಳೆಯದು. ಮಣ್ಣು ಬೇಡ, ಇಳಿಜಾರು ಬೇಡ. ಬೇಸಿಗೆ ಮಧ್ಯಾಹ್ನ ಡಾಂಬರು ಮೆತ್ತಗಾಗಿ ಸ್ಟ್ಯಾಂಡ್‌ನ ಕಾಲು ಹೂತುಕೊಳ್ಳುತ್ತದೆ, ಅಡಿಗೆ ದಪ್ಪ ಪ್ಲೈವುಡ್ ಹಾಕಬೇಕು. ಆದರೆ ಜ್ಯಾಕ್‌ನ ಗಾಲಿ ಉರುಳಲು ಜಾಗ ಬೇಕೇ ಬೇಕು. ತಲೆ ಏರುವಾಗ ಕಮಾನಿನಂತೆ ಹಿಂದಕ್ಕೆ ಹೋಗುತ್ತದೆ, ಆಗ ಜ್ಯಾಕ್ ತಾನೇ ಕಾರಿನ ಅಡಿಗೆ ಸರಿಯಬೇಕು. ಗಾಲಿಗೆ ಜಲ್ಲಿಚೂರು ಸಿಕ್ಕಿಕೊಂಡರೆ ಜ್ಯಾಕ್ ಸರಿಯುವುದಿಲ್ಲ, ಕಾರನ್ನೇ ಎಳೆಯುತ್ತದೆ. ನಾನು ಪ್ರತಿ ಸಲ ಮೊದಲು ಪೊರಕೆ ಹಿಡಿಯುತ್ತೇನೆ. ಇನ್ನು ಕೆಲವರು ಸ್ಟ್ಯಾಂಡ್ ಬದಲು ಇಟ್ಟಿಗೆಯೋ ಸಿಮೆಂಟ್ ಬ್ಲಾಕೋ ಪೇರಿಸುತ್ತಾರೆ. ಅದು ಬಗ್ಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಒಂದೇ ಏಟಿಗೆ ಪುಡಿಯಾಗುತ್ತದೆ.

ಸ್ಟ್ಯಾಂಡ್ ಕೊಟ್ಟ ಮೇಲೆ ಕಾರನ್ನು ಪಕ್ಕದಿಂದ ಚೆನ್ನಾಗಿ ತಳ್ಳಿ ನೋಡುತ್ತೇನೆ. ಬೀಳುವುದಿದ್ದರೆ ನಾನು ಹೊರಗಿದ್ದಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಮಲಗಿಸಿಡುತ್ತೇನೆ. ಇದು ಗ್ಯಾರೇಜಿನವರಿಂದ ಕಲಿತದ್ದು. ಎಲ್ಲ ತಪ್ಪಿದರೂ ಕಾರು ಆ ಚಕ್ರದ ಮೇಲೆ ಕೂರುತ್ತದೆ. ನಮ್ಮ ಮಗಳಿಗೆ ಆರು ವರ್ಷ, ಕಾರು ಎತ್ತಿರುವಾಗ ಅವಳು ಮನೆ ಒಳಗೆ, ಗೇಟಿಗೆ ಚಿಲಕ.

ಜ್ಯಾಕ್ ರಿಪೇರಿ ಆಯಿತು. ಸೀಲ್ ಕಿಟ್ ಸಿಗುವುದಕ್ಕೆ ಮೂರು ವಾರ ಹಿಡಿಯಿತು, ಅಂಗಡಿಯವರು ಮೊದಲು ಹೊಸದೇ ತಗೊಳ್ಳಿ ಅಂದರು. ಎಣ್ಣೆ ಕಡಿಮೆಯಾದರೆ ಹೈಡ್ರಾಲಿಕ್ ಜ್ಯಾಕ್ ಆಯಿಲ್ಲೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಸೀಲ್ ಹಾಳಾಗುತ್ತದೆ. ಎಣ್ಣೆ ತುಂಬಿದ ಮೇಲೆ ಇಳಿಸುವ ವಾಲ್ವ್ ತೆರೆದಿಟ್ಟು ಹತ್ತು ಹದಿನೈದು ಸಲ ಪಂಪ್ ಮಾಡಿದರೆ ಒಳಗಿನ ಗಾಳಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ತಲೆ ಪೂರ್ತಿ ಇಳಿಸಿ ಇಡಿ, ತಲೆ ಎತ್ತುವ ಒಳಗಿನ ದಂಡಕ್ಕೆ ತುಕ್ಕು ಹಿಡಿಯುವುದಿಲ್ಲ. ಇಳಿಸುವ ವಾಲ್ವ್ ಮಾತ್ರ ನನಗೆ ಇವತ್ತಿಗೂ ಇಷ್ಟ ಆಗಿಲ್ಲ. ಒಂದು ಹಂತದವರೆಗೆ ಏನೂ ಆಗುವುದಿಲ್ಲ, ಆಮೇಲೆ ದಡಕ್ಕನೆ ಇಳಿಯುತ್ತದೆ. ಕೂದಲೆಳೆಯಷ್ಟು ತಿರುಗಿಸಿ ಕಾಯಬೇಕು.

ಐದರಲ್ಲಿ ಜ್ಯಾಕ್‌ಗೆ ಮೂರೂವರೆ ಕೊಡುತ್ತೇನೆ, ಸ್ಟ್ಯಾಂಡ್‌ಗೆ ಐದು. ಕಳೆದ ತಿಂಗಳು ಪಕ್ಕದ ಮನೆಯ ಹುಡುಗ ಬಂದು "ಅಂಕಲ್, ಜ್ಯಾಕ್ ಒಂದು ಕೊಡ್ತೀರಾ?" ಅಂದ. ಜ್ಯಾಕ್ ಒಂದನ್ನೇ ಕೊಡುವುದಿಲ್ಲ ಅಂತ ಹೇಳಿ ಸ್ಟ್ಯಾಂಡ್, ಬೆಣೆ ಎಲ್ಲವನ್ನೂ ಹೊರಿಸಿ ಕಳಿಸಿದೆ. ಸಂಜೆ ವಾಪಸ್ ತಂದ. ಸ್ಟ್ಯಾಂಡ್‌ಗಳ ತಲೆ ಮೇಲೆ ಅವನ ಕಾರಿನ ಅಡಿಗೆ ಬಳಿದ ಕಪ್ಪು ಅಂಡರ್‌ಕೋಟ್ ಮೆತ್ತಿಕೊಂಡಿತ್ತು. ಒರೆಸದೆ ಹಾಗೇ ಮೂಲೆಯಲ್ಲಿಟ್ಟೆ.