ಅಮ್ಮನಿಗಾಗಿ ಕೊಂಡ 8 ಬಿಟ್ ಟಿ.ವಿ. ಗೇಮ್: ಆರು ವಾರಗಳ ಬಳಕೆಯ ನಂತರ

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ 900 ರೂಪಾಯಿಗೆ ಈ ಟಿ.ವಿ. ಗೇಮ್ ಕೊಂಡದ್ದು ಅಮ್ಮನಿಗಾಗಿ. ನಮ್ಮ ಮನೆಯಲ್ಲಿ ಗೇಮಿನ ಹುಚ್ಚು ಇದ್ದದ್ದೇ ಅವಳಿಗೆ. ತೊಂಬತ್ತರ ದಶಕದ ಕೊನೆಯಲ್ಲಿ, ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಅವಳು ಮಾರಿಯೋ ಆಡಲು ಕುಳಿತರೆ, ನಾನೂ ತಂಗಿಯೂ ಎರಡನೇ ರಿಮೋಟ್ ಹಿಡಿದು ಸರದಿಗಾಗಿ ಕಾಯಬೇಕಿತ್ತು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿ ಆಟವನ್ನು ಅರ್ಧಕ್ಕೆ ಉಳಿಸಿಡುವ ಸೌಲಭ್ಯವಿಲ್ಲ, ಕರೆಂಟು ಹೋದರೆ ಏಳನೇ ಲೋಕ ತಲುಪಿದವರೂ ಮೊದಲಿನಿಂದ ಶುರುಮಾಡಬೇಕು. ಆದ್ದರಿಂದ ಮಳೆಗಾಲದಲ್ಲಿ ತೋಟದ ಸಿಲ್ವರ್ ಓಕ್ ಮರಗಳು ತೂಗತೊಡಗಿದೊಡನೆ ಅಮ್ಮ 1-2ನೇ ಹಂತದ, ಅಂದರೆ ಮೊದಲ ಲೋಕದ ಎರಡನೇ ಹಂತದ, ಚಾವಣಿಯ ಮೇಲೆ ಓಡಿ, ನೇರ ನಾಲ್ಕನೇ ಲೋಕಕ್ಕೆ ಒಯ್ಯುವ ಕೊಳವೆಗೆ ಇಳಿಯುತ್ತಿದ್ದಳು. ಬಿಸಿಲಿದ್ದ ದಿನ ಆ ಅಡ್ಡದಾರಿ ಹಿಡಿಯಲು ನಮಗೆ ಅನುಮತಿ ಇರಲಿಲ್ಲ.

ಪೆಟ್ಟಿಗೆಯ ಮೇಲೆ 9999 ಆಟಗಳೆಂದು ಅಚ್ಚಾಗಿದೆ. ತಂಗಿಯ ಮಗ ಪಟ್ಟುಹಿಡಿದು ಎಣಿಸಿದಾಗ ಬೇರೆ ಬೇರೆಯಾದವು ನಲವತ್ತೂ ದಾಟಲಿಲ್ಲ. ಉಳಿದದ್ದೆಲ್ಲ ಅದೇ ಆಟಕ್ಕೆ ಇಟ್ಟ ಹೊಸ ಹೆಸರು, ಇಲ್ಲವೇ ಅದೇ ಆಟ ಮೂರನೇ ಹಂತದಿಂದ. ಹಳೆಯ ಕ್ಯಾಸೆಟ್‌ಗಳೂ ಹೀಗೆಯೇ ಸುಳ್ಳು ಹೇಳುತ್ತಿದ್ದುದರಿಂದ ಇದನ್ನು ದೂರು ಎನ್ನಲಾರೆ, ಪರಂಪರೆ ಎನ್ನಬಹುದು.

ನಿಜವಾದ ತೊಂದರೆ ಜೊತೆಗೆ ಕೊಟ್ಟ ಬಂದೂಕಿನದು. ‘ಡಕ್ ಹಂಟ್’ನಲ್ಲಿ ಟ್ರಿಗರ್ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ಮಿಂಚುತ್ತದೆ, ಬಂದೂಕಿನ ಸೆನ್ಸರ್ ಆ ಬಿಳುಪನ್ನು ಅದೇ ಕ್ಷಣದಲ್ಲಿ ಕಂಡರೆ ಮಾತ್ರ ಗುರಿ ತಾಗಿದಂತೆ. ಹಳೆಯ ಡಬ್ಬಾ ಟಿ.ವಿ.ಯಲ್ಲಿ ಚಿತ್ರ ತಡವಿಲ್ಲದೆ ಮೂಡುತ್ತಿತ್ತು, ಎಲ್‌ಇಡಿ ಟಿ.ವಿ. ಅದನ್ನು ಹದಮಾಡಿ ತೋರಿಸುವಷ್ಟರಲ್ಲಿ ಆ ಗಳಿಗೆ ಕಳೆದಿರುತ್ತದೆ. ಅಮ್ಮ ಪರದೆಗೇ ಬಂದೂಕಿನ ಮೂತಿ ತಾಗಿಸಿ ಹೊಡೆದರೂ ಒಂದು ಬಾತುಕೋಳಿಯೂ ಬೀಳಲಿಲ್ಲ. ಈ ಬಗ್ಗೆ ಪೆಟ್ಟಿಗೆಯ ಮೇಲೆ ಒಂದು ಸಾಲೂ ಇಲ್ಲದಿರುವುದು ತಯಾರಕರ ತಪ್ಪು.

ಅದೇ ವಿಳಂಬ ಮಾರಿಯೋನನ್ನೂ ಕಾಡಿತು. ಗುಂಡಿ ಒತ್ತಿದ ಮೇಲೆ ತುಸು ಯೋಚಿಸಿ ಜಿಗಿದವನಂತೆ ಅವನು ಹಳ್ಳಕ್ಕೆ ಬೀಳುತ್ತಿದ್ದ. “ವಯಸ್ಸಾಗಿದ್ದು ಇವನಿಗೆ ಕಣೋ, ನನಗಲ್ಲ” ಎಂದಳು ಅಮ್ಮ. ಟಿ.ವಿ.ಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದ ಮೇಲೆ ಬಹುಮಟ್ಟಿಗೆ ಸರಿಹೋಯಿತು. ಹಳದಿ ಪಿನ್ನಿನ ಎವಿ ಸಾಕೆಟ್ ನಿಮ್ಮ ಟಿ.ವಿ.ಯಲ್ಲಿ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಮೂರನೇ ವಾರ ರಿಮೋಟಿನ ಜಿಗಿಯುವ ಗುಂಡಿ ಅಂಟಿಕೊಂಡಿತು. ಅಂಗಡಿಯವರು ಮಾತಿಲ್ಲದೆ ಬದಲಿಸಿಕೊಟ್ಟರು.

ಮನೆಯಲ್ಲಿ ಈಗ ಯುಪಿಎಸ್ ಇದೆ. ಆದರೂ ಹೊರಗೆ ಗಾಳಿ ಜೋರಾದರೆ ಅಮ್ಮನ ಮಾರಿಯೋ ಚಾವಣಿ ಹತ್ತುತ್ತಾನೆ.