ತುಕ್ಕು ಹಿಡಿದ ಫಿಯಟ್‌ಗೆ ಹೊಸ ತಗಡು: ಫೈಬರ್, ರೆಡಿಮೇಡ್, ಗುಜರಿ, ಕೈಕೆಲಸ ನಾಲ್ಕೂ ಹಾಕಿ ನೋಡಿದೆ

ಸ್ಕ್ರೂಡ್ರೈವರ್ ಸುಮ್ನೆ ಒತ್ತಿದೆ, ಅಷ್ಟೇ. ಡ್ರೈವರ್ ಬಾಗಿಲ ಕೆಳಗಿನ ಪಟ್ಟಿಯೊಳಗೆ ಹಿಡಿಕೆಯವರೆಗೂ ಹೋಯಿತು. ಹೊರಗೆ ಎಳೆದರೆ ಜೊತೆಗೆ ಒಂದು ಹಿಡಿ ಕೆಂಪು ಪುಡಿ ಉದುರಿತು. ಮೇಲೆ ಬಣ್ಣ ಹೊಳೆಯುತ್ತಿತ್ತು, ಒಳಗೆ ತಗಡು ಹಪ್ಪಳವಾಗಿತ್ತು.

ಕಾರು ಅಪ್ಪನದು. 1973ರದ್ದು. ಕಂಪನಿ ಆಗ ಇಟ್ಟಿದ್ದ ಹೆಸರು ಪ್ರೀಮಿಯರ್ ಪ್ರೆಸಿಡೆಂಟ್, ಅದು ಪದ್ಮಿನಿ ಆದದ್ದು 1974ರಲ್ಲಿ. ನಮ್ಮೂರಲ್ಲಿ ಈ ಎರಡು ಹೆಸರನ್ನೂ ಯಾರೂ ಹೇಳಿದ್ದಿಲ್ಲ, ಫಿಯಟ್ ಅಂದರೆ ಮುಗಿಯಿತು. ನಂಬರ್ ಪ್ಲೇಟ್ ಇನ್ನೂ ಮೈಸೂರು ರಾಜ್ಯದ ಕಾಲದ ‘ಎಂವೈ’ಯಿಂದಲೇ ಶುರುವಾಗುತ್ತದೆ. ನಲವತ್ತು ವರ್ಷಕ್ಕಿಂತ ಜಾಸ್ತಿ ಅದು ನಿಂತಿದ್ದು ಕುಂದಾಪುರದ ಮನೆಯ ಶೆಡ್ಡಿನಲ್ಲಿ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ, ಉಳಿದ ದಿನ ಕಡಲಿನ ಉಪ್ಪುಗಾಳಿ. ತುಕ್ಕು ಹಿಡಿಯದಿದ್ದರೇ ಆಶ್ಚರ್ಯ.

ಫಿಯಟ್‌ಗೆ ಜೀಪಿಗೆ ಇರುವ ಹಾಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಕಬ್ಬಿಣದ ಚೌಕಟ್ಟು, ಇಲ್ಲ. ಬಾಡಿಯೇ ಚಾಸಿ. ಅದರಲ್ಲೂ ಬಾಗಿಲುಗಳ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಆ ಪೆಟ್ಟಿಗೆಯಂಥ ಪಟ್ಟಿ ಇದೆಯಲ್ಲ, ತಗಡು ಕೆಲಸದ ಟಿಂಕರ್‌ಗಳ ಬಾಯಲ್ಲಿ ‘ರನ್ನಿಂಗ್ ಬೋರ್ಡ್’, ಕಾರಿನ ಸೊಂಟ ಅಂದರೆ ಅದೇ. ಅದು ಕೊಳೆತರೆ ಕಾರು ನಡುವೆ ಜಗ್ಗುತ್ತದೆ. ಹಾಗಾಗಿ ಇದನ್ನು ಬರೀ ಅಂದಚಂದದ ರಿಪೇರಿ ಅಂದುಕೊಳ್ಳಬೇಡಿ. ನಾನು ಅಂದುಕೊಂಡಿದ್ದೆ, ಅದಕ್ಕೇ ಮೊದಲ ಸಲ ಕೆಟ್ಟೆ.

ಮೊದಲ ಸಲ ಅಂದರೆ 2016. ಊರಲ್ಲೇ ಒಬ್ಬರು ಎರಡೂ ಬದಿಗೆ ಫೈಬರ್ ಹಾಕಿಕೊಟ್ಟರು. ತೂತಿನ ಸುತ್ತ ಉಜ್ಜಿ, ಫೈಬರ್ ಬಟ್ಟೆ ಅಂಟಿಸಿ, ರೆಸಿನ್ ಬಳಿದು, ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ಎರಡು ದಿನದ ಕೆಲಸ, 6,000 ರೂಪಾಯಿ. ನೋಡಲು ಹೊಸ ಕಾರು. ಅಪ್ಪನಿಗಂತೂ ಖುಷಿಯೋ ಖುಷಿ. ಎರಡು ಮಳೆಗಾಲ ಕಳೆಯಿತು. ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತು. ಉಗುರಿನಿಂದ ಕೆರೆದರೆ ಇಡೀ ಫೈಬರ್ ಪಟ್ಟಿ ಒಣಗಿದ ಹಲಸಿನ ಸಿಪ್ಪೆಯ ಹಾಗೆ ಕೈಗೆ ಬಂತು. ಹಿಂದಿನ ತಗಡು ಮೊದಲಿಗಿಂತ ದುಪ್ಪಟ್ಟು ತಿಂದುಹೋಗಿತ್ತು. ಕಾರಣ ಸರಳ. ಒಳಗಿನ ತುಕ್ಕು ಹಾಗೇ ಉಳಿದಿತ್ತು, ನೀರು ಇಳಿದುಹೋಗಲು ಕೆಳಗೆ ಇದ್ದ ತೂತುಗಳನ್ನೂ ಫೈಬರ್ ಮುಚ್ಚಿಬಿಟ್ಟಿತ್ತು. ಕಾರಿನ ಭಾರ ಹೊರುವ ಜಾಗಕ್ಕೆ ಫೈಬರ್ ಬೇಡವೇ ಬೇಡ. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ.

2021ರಲ್ಲಿ ಕಾರನ್ನು ಲಾರಿಯಲ್ಲಿ ಹೇರಿಸಿ ಬೆಂಗಳೂರಿಗೆ ತಂದೆ. ಇಲ್ಲಿಂದ ನಿಜವಾದ ಹೋಲಿಕೆ ಶುರು. ಬಲಬದಿಗೆ ರೆಡಿಮೇಡ್ ಪಟ್ಟಿ, ಎಡಬದಿಗೆ ಟಿಂಕರ್ ಕೈಯಲ್ಲೇ ಮಾಡಿಸಿದ ಪಟ್ಟಿ. ಬೇಕೆಂದೇ ಹೀಗೆ ಮಾಡಿದೆ ಅಂತ ಜಂಭ ಕೊಚ್ಚಬಹುದು, ಆದರೆ ನಿಜ ಏನೆಂದರೆ ಬಲಬದಿ ಕೆಟ್ಟ ಮೇಲೆ ಎಡಬದಿಗೆ ಅದನ್ನೇ ಹಾಕುವ ಧೈರ್ಯ ಬರಲಿಲ್ಲ.

ರೆಡಿಮೇಡ್ ಪಟ್ಟಿ ಸಿಕ್ಕಿದ್ದು ಜೆ.ಸಿ. ರಸ್ತೆಯಲ್ಲಿ. ಜೋಡಿಗೆ 4,000. ಕಪ್ಪು ಬಣ್ಣ ಹೊಡೆದು ನೀಟಾಗಿ ಇತ್ತು. ಕ್ಯಾಲಿಪರ್ ಹಿಡಿದು ನೋಡಿದರೆ ದಪ್ಪ 0.7 ಮಿಲಿಮೀಟರ್. ನನ್ನ ಕಾರಿನಲ್ಲಿ ಕೊಳೆಯದೆ ಉಳಿದಿದ್ದ ಹಳೆಯ ತಗಡು ಸುಮಾರು 1 ಮಿಲಿಮೀಟರ್ ಇತ್ತು. ಅಲ್ಲದೆ ಸಿಗುವುದು ಹೊರಗಿನ ಪಟ್ಟಿ ಮಾತ್ರ, ಒಳಗಿನ ಗೋಡೆ ಸಿಗುವುದಿಲ್ಲ. ಹೊರಗಿನದು ಕೊಳೆತಿದ್ದರೆ ಒಳಗಿನದು ಚೆನ್ನಾಗಿರುತ್ತದಾ? ಮುಂದಿನ ತುದಿ, ಫೆಂಡರ್‌ಗೆ ಸೇರುವಲ್ಲಿ, ಒಂದು ಬೆರಳು ಹೋಗುವಷ್ಟು ಸಂದಿ ಬಿತ್ತು. ಅದಕ್ಕೆ ತುಂಡು ತಗಡು ಸೇರಿಸಿ ಗ್ಯಾಸ್ ವೆಲ್ಡಿಂಗ್‌ನಲ್ಲಿ ಕೂರಿಸಿದರು. ಗ್ಯಾಸ್‌ನ ಬಿಸಿ ತಗಡಿನ ತುಂಬ ಹರಡುತ್ತದೆ. ತಣ್ಣಗಾದ ಮೇಲೆ ಪಟ್ಟಿ ಅಲೆಅಲೆಯಾಗಿತ್ತು, ಅದನ್ನು ಮುಚ್ಚಲು ಮತ್ತೆ ಪುಟ್ಟಿ.

ದೊಡ್ಡ ಎಡವಟ್ಟು ಅದಲ್ಲ. ಹಳೆ ಪಟ್ಟಿ ಕತ್ತರಿಸುವಾಗ ಕಾರನ್ನು ನಡುವೆ ಒಂದೇ ಜಾಕಿನ ಮೇಲೆ ನಿಲ್ಲಿಸಿದ್ದರು. ಪೂರ್ತಿ ಕತ್ತರಿಸಿ, ಹೊಸದು ಕೂರಿಸಿ, ಜಾಕ್ ಇಳಿಸಿದರೆ ಹಿಂದಿನ ಬಾಗಿಲು ಹಾಕಲು ಬರುತ್ತಿಲ್ಲ. ಚಿಲಕ ಐದು ಮಿಲಿಮೀಟರ್ ಕೆಳಗೆ ಬಡಿಯುತ್ತಿತ್ತು. “ಸಾರ್, ಕೀಲು ಸ್ವಲ್ಪ ಎತ್ತಿ ಕೊಡ್ತೀನಿ, ಸರಿ ಹೋಗುತ್ತೆ” ಅಂದರು ಅಲ್ಲಿಯ ಟಿಂಕರ್. ಕೀಲು ಎತ್ತಿದರು, ಬಾಗಿಲು ಹಾಕಲು ಬಂತು. ಆದರೆ ಕಾರು ಬಾಗಿದ್ದು ಬಾಗಿದ್ದೇ. ಇವತ್ತಿಗೂ ಆ ಬಾಗಿಲ ಮೇಲಿನ ಸಂದಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು.

ಎಡಬದಿಯನ್ನು 2022ರಲ್ಲಿ ಬೇರೆ ಟಿಂಕರ್ ಹತ್ತಿರ ಕೊಟ್ಟೆ. ವಯಸ್ಸಾದವರು, ಮಾತು ಕಡಿಮೆ. ಮೊದಲ ದಿನ ಅವರು ಏನನ್ನೂ ಕತ್ತರಿಸಲಿಲ್ಲ. ಕಾರನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಸಮ ಮಾಡಿ, ನೀರಿನ ಟ್ಯೂಬ್‌ನಲ್ಲಿ ಮಟ್ಟ ನೋಡಿದರು. ಬಾಗಿಲು ಬಿಚ್ಚಿ, ಆ ಚೌಕಟ್ಟಿಗೆ ಅಡ್ಡಲಾಗಿ ಎರಡು ಕಬ್ಬಿಣದ ಪೈಪ್ ತಾತ್ಕಾಲಿಕವಾಗಿ ಚುಕ್ಕೆ ವೆಲ್ಡ್ (ಟ್ಯಾಕ್) ಹೊಡೆದು ಕೂರಿಸಿದರು. “ಇದು ಇಲ್ಲದೆ ಕೊಯ್ದರೆ ಕಾರು ಬಾಳೆಹಣ್ಣು ಆಗುತ್ತೆ” ಅಂದರು. ನಾನು ಬಲಬದಿ ಕಡೆ ನೋಡಲಿಲ್ಲ.

ಆಮೇಲೆ ಕಂದು ಕಾಗದ. ದರ್ಜಿ ಅಳತೆ ತೆಗೆಯುವ ಹಾಗೆ ಹಳೆ ಪಟ್ಟಿಯ ಮೇಲೆ ಕಾಗದ ಒತ್ತಿ, ಅಂಚು ಅಂಚಿಗೂ ಗುರುತು ಹಾಕಿ, ಕಾಗದವನ್ನು ರಟ್ಟಿಗೆ, ರಟ್ಟನ್ನು ತಗಡಿಗೆ ಇಳಿಸಿದರು. ಹೊರಪಟ್ಟಿಗೆ 20 ಗೇಜ್, ಒಳಗೋಡೆಗೆ 18 ಗೇಜ್. ಗೇಜ್ ನಂಬರ್ ಕಡಿಮೆ ಆದಷ್ಟೂ ತಗಡು ದಪ್ಪ; 20 ಅಂದರೆ 0.9 ಮಿಲಿಮೀಟರ್, 18 ಅಂದರೆ 1.2. ಸತು ಲೇಪಿಸಿದ ಜಿಐ ತಗಡು ಹಾಕಿದರೆ ತುಕ್ಕು ಬರಲ್ಲ ಅಲ್ವಾ ಅಂತ ಕೇಳಿದೆ. ಬೇಡ ಅಂದರು. ವೆಲ್ಡ್ ಮಾಡುವಾಗ ಸತುವಿನ ಹೊಗೆ ಎದ್ದು ರಾತ್ರಿ ಜ್ವರ ಬರುತ್ತದೆ, ವೆಲ್ಡಿಂಗೂ ಚೆನ್ನಾಗಿ ಹಿಡಿಯುವುದಿಲ್ಲ ಅಂದರು. ಲೇಪನವಿಲ್ಲದ ಸಾದಾ ಸಿಆರ್ (ಕೋಲ್ಡ್ ರೋಲ್ಡ್) ತಗಡೇ ಆಯಿತು.

ನೇರ ಮಡಿಕೆಗಳನ್ನು ಬೆಂಡಿಂಗ್ ಮಷಿನ್‌ನಲ್ಲಿ ಮಾಡಿಸಿ ತಂದರು. ಚಕ್ರದ ಹತ್ತಿರ ಪಟ್ಟಿ ಒಳಕ್ಕೆ ತಿರುಗುವ ಒಂದು ತಿರುವು ಇದೆ, ಅದನ್ನು ಮಾತ್ರ ಮರಳು ಚೀಲದ ಮೇಲಿಟ್ಟು ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತಂದರು. ಒಂದು ಗೇಣು ಉದ್ದದ ಆ ತಿರುವಿಗೆ ಅರ್ಧ ದಿನ. ತಟ್ಟುವುದು, ಕಾರಿಗೆ ಹಿಡಿಯುವುದು, ತಲೆ ಅಲ್ಲಾಡಿಸುವುದು, ಮತ್ತೆ ತಟ್ಟುವುದು. ಕೂರಿಸಿದ್ದು ಸಿಓಟು (ಇಂಗಾಲದ ಡೈಆಕ್ಸೈಡ್ ಅನಿಲ ಬಳಸುವ ವಿದ್ಯುತ್) ವೆಲ್ಡಿಂಗ್‌ನಲ್ಲಿ. ಒಂದು ಚುಕ್ಕೆ ಇಲ್ಲಿ, ಮುಂದಿನದು ಎರಡು ಅಡಿ ಆಚೆ. ಒಂದೇ ಕಡೆ ಬಿಸಿ ಸೇರದ ಹಾಗೆ. ಒಳಗೋಡೆಗೆ ರೆಡ್ ಆಕ್ಸೈಡ್ ಬಳಿದ ಮೇಲೇ ಪೆಟ್ಟಿಗೆ ಮುಚ್ಚಿದರು, ಕೆಳಗೆ ನೀರಿಳಿಯುವ ತೂತು ಬಿಟ್ಟರು, ಆ ತೂತಿನಿಂದಲೇ ಒಳಗೆ ಮೇಣ ಸ್ಪ್ರೇ ಮಾಡಿದರು.

ತಗಡಿಗೆ 1,800. ಕೂಲಿ 22,000. ಹನ್ನೊಂದು ದಿನ. ಬಲಬದಿಗೆ ಪಟ್ಟಿ, ಕೂಲಿ ಎಲ್ಲ ಸೇರಿ 11,000 ಆಗಿತ್ತು, ನಾಲ್ಕೇ ದಿನದಲ್ಲಿ ಮುಗಿದಿತ್ತು. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಗೊತ್ತು. ಟಿಂಕರ್ ಬೇರೆ, ವೆಲ್ಡಿಂಗ್ ಬೇರೆ. ಈ ಹಿರಿಯರ ಕೈಗೆ ಆ ರೆಡಿಮೇಡ್ ಪಟ್ಟಿ ಕೊಟ್ಟಿದ್ದರೆ ಅದೂ ಇಷ್ಟು ಕೆಡುತ್ತಿರಲಿಲ್ಲ. ಆದರೂ ತಗಡಿನ ದಪ್ಪ, ಒಳಗೋಡೆ ಸಿಗದ ವಿಚಾರ, ಇವೆರಡು ಯಾರ ಕೈಗೆ ಕೊಟ್ಟರೂ ಬದಲಾಗುವುದಿಲ್ಲ. ಈಗ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೆ ಎಡಬದಿಗೆ ಉದ್ದಕ್ಕೂ ಗಟ್ಟಿಯಾಗಿ ಕಚ್ಚುತ್ತದೆ, ಬಲಬದಿಯಲ್ಲಿ ಮೂರು ಕಡೆ ಜಾರಿ ಬೀಳುತ್ತದೆ. ಪುಟ್ಟಿ ಎಲ್ಲಿದೆ ಅಂತ ಅದೇ ಹೇಳುತ್ತದೆ. ಹಳೆ ಕಾರು ಕೊಳ್ಳಲು ಹೋಗುವವರು ಜೇಬಲ್ಲಿ ಒಂದು ಇಟ್ಟುಕೊಂಡಿರಿ.

ಹಾಗಂತ ಎಲ್ಲವನ್ನೂ ಕೈಯಲ್ಲಿ ಮಾಡಿಸಲು ಹೋಗಬೇಡಿ. ಬಾಗಿಲಿನ ವಿಷಯ ಬೇರೆ. ಫಿಯಟ್ ಬಾಗಿಲಿಗೆ ನವಿರಾದ ಉಬ್ಬು ಇದೆ. ಅಷ್ಟು ದೊಡ್ಡ ತಗಡಿಗೆ ಆ ಉಬ್ಬು ಒಂದೇ ಸಮ ಬರುವಂತೆ ತಟ್ಟುವುದು ನನ್ನಿಂದಾಗದು ಅಂತ ಆ ಹಿರಿಯರೇ ಹೇಳಿದರು. “ಗುಜರಿಯಲ್ಲಿ ಹುಡುಕಿ” ಅಂದರು.

ಶಿವಾಜಿನಗರದ ಗುಜರಿಗೆ ನಾಲ್ಕು ಭಾನುವಾರ ಹೋದೆ. ಐದನೆಯದಕ್ಕೆ ಮುಂದಿನ ಎರಡು ಬಾಗಿಲು ಸಿಕ್ಕವು, ಒಂದಕ್ಕೆ 3,500. ಮನೆಗೆ ತಂದು ಬಿಳಿ ಬಣ್ಣ ಕೆರೆದರೆ ಕೆಳಗೆ ಕಪ್ಪು. ಇನ್ನೂ ಕೆರೆದರೆ ಮತ್ತೆ ಕಪ್ಪು. ಕಡ್ಡಿಯಲ್ಲಿ ಎಣಿಸಿದೆ, ಆರು ಪದರ. ಇದು ಮುಂಬೈ ಟ್ಯಾಕ್ಸಿಯ ಬಾಗಿಲೇ ಇರಬೇಕು ಅಂತ ನನ್ನ ಲೆಕ್ಕ. ಅಲ್ಲಿ ಕಾಳಿ-ಪೀಲಿ (ಕಪ್ಪು-ಹಳದಿ ಟ್ಯಾಕ್ಸಿ) ಫಿಯಟ್‌ಗಳ ಕೊನೆಯ ದಿನ ಬಂದದ್ದು 2023ರ ಅಕ್ಟೋಬರ್‌ನಲ್ಲಿ, ಅದಕ್ಕೆ ಎಷ್ಟೋ ವರ್ಷ ಮೊದಲಿಂದಲೇ ಬಿಡಿಭಾಗ ಗುಜರಿ ಸೇರುತ್ತಿದ್ದವು. ಮುಂಬೈ ಅಂದರೂ ಸಮುದ್ರವೇ ತಾನೆ? ಬಾಗಿಲ ತಳದ ಎರಡು ಅಂಗುಲ ಅಲ್ಲಿಯೂ ಹೋಗಿತ್ತು. ಆದರೆ ಉಬ್ಬು ಒರಿಜಿನಲ್, ಕೀಲಿನ ಜಾಗ ಒರಿಜಿನಲ್. ತಳದ ಆ ಎರಡು ಅಂಗುಲಕ್ಕೆ ಹೊಸ ತಗಡು ಹಾಕಿದರೆ ಸಾಕಾಯಿತು, ಅದು ನೇರ ಪಟ್ಟಿ, ಸುಲಭ.

ಅದೇ ಗುಜರಿಯಲ್ಲಿ ರನ್ನಿಂಗ್ ಬೋರ್ಡ್ ಕೂಡ ಇದ್ದವು, ಇನ್ನೊಂದು ಕಾರಿನಿಂದ ಕೊಯ್ದದ್ದು. ಕೊಳ್ಳಲಿಲ್ಲ. ನನ್ನ ಕಾರಿನಲ್ಲಿ ಎಲ್ಲಿ ಕೊಳೆತಿದೆಯೋ ಆ ಕಾರಿನಲ್ಲೂ ಅಲ್ಲೇ ಕೊಳೆತಿರುತ್ತದೆ.

ಆಕಾರದ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಲು ಇನ್ನೊಂದು ಕಾರಣವಿದೆ. 2021ರ ಕೇಂದ್ರದ ನಿಯಮದ ಪ್ರಕಾರ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಆದರೆ ಚಾಸಿ, ಬಾಡಿ ಶೆಲ್, ಎಂಜಿನ್ ಮೂಲರೂಪದಲ್ಲಿ ಇರಬೇಕು. ಹಾಗಾಗಿ ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ, ಕೂರಿಸಿದ ಮೇಲೆ, ಪ್ರತಿ ಹಂತದ ಫೋಟೋ ತೆಗೆದಿಟ್ಟಿದ್ದೇನೆ.

ಬಲಬದಿಯನ್ನು ಈಗ ಮತ್ತೆ ಬಿಚ್ಚಿಸಬೇಕು. ಮೊನ್ನೆ ಅದಕ್ಕೇ ಹೋಗಿದ್ದೆ. ಹಿರಿಯರು ಬಾಗಿಲನ್ನು ಎರಡು ಸಲ ಹಾಕಿ ತೆಗೆದು, ಆ ಓರೆ ಸಂದಿಯಲ್ಲಿ ಬೆರಳಾಡಿಸಿದರು. “ಯಾರು ಮಾಡಿದ್ದು?” ಅಂತ ಕೇಳಲಿಲ್ಲ. “ದಸರಾ ಆದ ಮೇಲೆ ತನ್ನಿ, ಬಾಡಿ ಎಳೆದು ಸಮ ಮಾಡೋಕೇ ಒಂದು ವಾರ ಬೇಕು” ಅಂದರು.