ಅಮೆರಿಕದ ಜನಗಣತಿ ಫಾರ್ಮು, 2020ರ ಮಾದರಿ: ಐದಕ್ಕೆ ಮೂರು ಸ್ಟಾರ್

ಇದು ದುಡ್ಡು ಕೊಟ್ಟು ಕೊಳ್ಳುವ ಸಾಮಾನಲ್ಲ. ಹತ್ತು ವರ್ಷಕ್ಕೊಮ್ಮೆ ತಾನಾಗಿಯೇ ಮನೆಗೆ ಬರುತ್ತದೆ, ತುಂಬಲೇಬೇಕು ಅಂತ ಕಾನೂನೂ ಇದೆ. ಹಾಗಂತ ವಿಮರ್ಶೆ ಮಾಡಬಾರದು ಅಂತೇನಿಲ್ಲ ಅಲ್ವಾ? ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಯಾವ ಮೂಲದವರು ಎಷ್ಟು ಜನ ಎಂಬ ವಿವರವಾದ ಲೆಕ್ಕ ಹೊರಬಿದ್ದದ್ದೇ 2023ರ ಸೆಪ್ಟೆಂಬರ್‌ನಲ್ಲಿ. ಬಡಿಸುವ ಮುಂಚೆ ಊಟದ ರುಚಿ ಹೇಳುವುದು ಹೇಗೆ?

ಮೊದಲು ಒಳ್ಳೆಯದು. ಫೋನಿನಲ್ಲೇ ತುಂಬಬಹುದಿತ್ತು. ಅಂಚೆಯಲ್ಲಿ ಬಂದ ನಂಬರ್ ಕಳೆದುಹೋದರೂ ವಿಳಾಸ ಹಾಕಿದರೆ ಸಾಕು. ನಾವು ಕೊಟ್ಟ ಉತ್ತರವನ್ನು 72 ವರ್ಷ ಯಾರಿಗೂ ತೋರಿಸುವುದಿಲ್ಲ. ಇಂಗ್ಲಿಷ್ ಬಿಟ್ಟು ಇನ್ನೂ 12 ಭಾಷೆಗಳಲ್ಲಿ ಆನ್‌ಲೈನ್ ಫಾರ್ಮು ಇತ್ತು, ಅದರಲ್ಲಿ ಹೈಟಿಯವರ ಕ್ರಿಯೋಲ್ ಕೂಡ ಒಂದು. ಸಹಾಯದ ಕೈಪಿಡಿ 59 ಭಾಷೆಗಳಲ್ಲಿತ್ತು. ತೆಲುಗು, ತಮಿಳು, ಮಲಯಾಳಂ, ಮರಾಠಿ ಎಲ್ಲ ಇದ್ದವು, ಕನ್ನಡ ಮಾತ್ರ ಇಲ್ಲ. ಅದಿರಲಿ, ಆ ಜಗಳ ಇನ್ನೊಂದು ದಿನಕ್ಕೆ.

ನಾನಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ರಿಚ್ಮಂಡ್ ಹಿಲ್ ಕಡೆ. ಅಕ್ಕಪಕ್ಕ ಗಯಾನಾ, ಟ್ರಿನಿಡಾಡ್ ಅಂತ ಕೆರಿಬಿಯನ್ ಕಡೆಯವರೇ ಜಾಸ್ತಿ. ನನ್ನ ಫಾರ್ಮು ಸಲೀಸಾಗಿ ಮುಗಿಯಿತು. ಜನಾಂಗ ಯಾವುದು ಅನ್ನುವ ಪ್ರಶ್ನೆಗೆ 'ಏಷ್ಯನ್ ಇಂಡಿಯನ್' ಅಂತ ಒಂದು ಬಾಕ್ಸ್, ಒಂದು ಗುರುತು, ಅಷ್ಟೇ. ತೊಡಕು ಶುರುವಾಗಿದ್ದು ಪಕ್ಕದ ಮನೆಯ ಆಂಟಿಯ ಫಾರ್ಮಿನಲ್ಲಿ. ಕೊರೋನಾ ಜೋರಾಗಿದ್ದ ಏಪ್ರಿಲ್ ಅದು. ಅವರು ಮೆಟ್ಟಿಲ ಮೇಲೆ ಕೂತಿದ್ದರು, ನಾನು ಕೆಳಗೆ ಫುಟ್‌ಪಾತಿನಲ್ಲಿ ಫೋನು ಹಿಡಿದು ಪ್ರಶ್ನೆ ಓದುತ್ತಿದ್ದೆ.

ಆಂಟಿ ಹುಟ್ಟಿದ್ದು ಗಯಾನಾದ ಜಾರ್ಜ್‌ಟೌನಿನಲ್ಲಿ. 1838ರಿಂದ 1917ರವರೆಗೆ ಕಬ್ಬಿನ ತೋಟದ ಕೂಲಿಗೆಂದು ಬ್ರಿಟಿಷರು ಹಡಗಿನಲ್ಲಿ ಕರೆದುಕೊಂಡು ಹೋದರಲ್ಲ, ಅಂಥ ಮನೆತನ. ಹೆಚ್ಚಿನವರು ಕಲ್ಕತ್ತಾದಿಂದ ಹೋದವರು, ಆಂಟಿಯ ಹಿರಿಯರು ಮದ್ರಾಸಿನಿಂದ. ಇವತ್ತಿಗೂ ಅವರ ಮನೆದೇವರು ಮಾರಿಯಮ್ಮ. ನಮ್ಮ ಶಿರಸಿ ಮಾರಿಕಾಂಬೆಯ ಫೋಟೋ ತೋರಿಸಿದಾಗ ಕೈ ಮುಗಿದಿದ್ದರು. ಆದರೆ ಇಂಡಿಯಾ ಕಣ್ಣಾರೆ ಕಂಡವರಲ್ಲ.

"ಬೇಟಾ, ಏಷ್ಯನ್ ಇಂಡಿಯನ್ ಅಂತ ಹಾಕಿದರೆ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಬ್ಲ್ಯಾಕ್ ಅಂತ ಹಾಕಿದರೆ ಎದುರುಮನೆ ಜಮೈಕಾದವರ ಲೆಕ್ಕಕ್ಕೆ. ನನ್ನ ಲೆಕ್ಕ ಎಲ್ಲಿದೆ?"

ಈ ಫಾರ್ಮಿನ ದೊಡ್ಡ ಕೊರತೆ ಇದೇ. ಬ್ಲ್ಯಾಕ್ ಬಾಕ್ಸಿನ ಕೆಳಗೆ ಮೂಲ ಬರೆಯಲು ಖಾಲಿ ಜಾಗ ಕೊಟ್ಟಿದ್ದರು. ಉದಾಹರಣೆಗೆ ಜಮೈಕನ್, ಹೈಷಿಯನ್ ಅಂತ ಅಚ್ಚೂ ಹಾಕಿದ್ದರು. 2020ರಲ್ಲಿ ಹೊಸದಾಗಿ ಬಂದ ಸೌಕರ್ಯ ಅದು. 'ಏಷ್ಯನ್ ಇಂಡಿಯನ್' ಬಾಕ್ಸಿಗೆ ಅಂಥ ಜಾಗ ಇಲ್ಲ. ಗಯಾನಾ ಅಂತ ಬರೆಯಬೇಕಿದ್ದರೆ 'ಇತರೆ' ಅನ್ನುವ ಕಡೆಗೇ ಹೋಗಬೇಕು. ಇನ್ನೊಂದು ವಿಚಿತ್ರ ನೋಡಿ. ಪೋರ್ಟೊರಿಕೊ, ಕ್ಯೂಬಾ ಕೂಡ ಕೆರಿಬಿಯನ್ ದ್ವೀಪಗಳೇ. ಅವರಿಗೆ ಹಿಸ್ಪಾನಿಕ್ ಪ್ರಶ್ನೆಯಲ್ಲಿ, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರೇ ಅಂತ ಬೇರೆಯಾಗಿ ಕೇಳುವಲ್ಲಿ, ಸ್ವಂತ ಬಾಕ್ಸ್ ಇದೆ. ಸ್ಪ್ಯಾನಿಷ್ ಆಡುವ ದ್ವೀಪದವರನ್ನು ಊರು ಕೇಳುತ್ತಾರೆ, ಇಂಗ್ಲಿಷ್ ಆಡುವ ದ್ವೀಪದವರನ್ನು ಮೊದಲು ಬಣ್ಣ ಕೇಳುತ್ತಾರೆ.

ಈ ದೂರು ಹೊಸದೇನಲ್ಲ. 2010ರ ಗಣತಿಗೆ ಮುಂಚೆಯೇ ಗಯಾನಾ ಮೂಲದ ಪತ್ರಕರ್ತೆ ಫೆಲಿಷಿಯಾ ಪರ್ಸಾಡ್ 'ಕ್ಯಾರಿಬ್ ಐಡಿ' ಅಂತ ಒಂದು ಅಭಿಯಾನ ಶುರು ಮಾಡಿದ್ದರು. ಫಾರ್ಮಿನಲ್ಲಿ ಕೆರಿಬಿಯನ್ ಬಾಕ್ಸ್ ಇರಲೇಬೇಕು ಅಂತ ಬ್ರೂಕ್ಲಿನ್ನಿನ ಸಂಸದೆ ಇವೆಟ್ ಕ್ಲಾರ್ಕ್ 2009ರಲ್ಲಿ ಮಸೂದೆ ತಂದರು. ಅವರ ತಂದೆ ತಾಯಿ ಜಮೈಕಾದವರು. ಮಸೂದೆ ಪಾಸಾಗಲಿಲ್ಲ. ಜೂನ್ ತಿಂಗಳು ಕೆರಿಬಿಯನ್ ಅಮೆರಿಕನ್ ಪರಂಪರೆಯ ತಿಂಗಳು ಅಂತ 2006ರಿಂದ ಆಚರಣೆ ನಡೆಯುತ್ತಿದೆ. ಮೆರವಣಿಗೆಗೆ ತಿಂಗಳು ಸಿಕ್ಕಿತು, ಬಾಕ್ಸ್ ಸಿಗಲಿಲ್ಲ. ಚುನಾವಣಾ ಕ್ಷೇತ್ರದ ಗಡಿ ಎಳೆಯುವುದು ಇದೇ ಗಣತಿ ಹಿಡಿದು. ನಮ್ಮ ಬಡಾವಣೆಯನ್ನು ಹಲವು ಕ್ಷೇತ್ರಗಳಿಗೆ ಹರಿದು ಹಂಚಿದ್ದಾರೆ ಅನ್ನುವುದು ಇಲ್ಲಿಯವರ ಹಳೆಯ ಸಿಟ್ಟು. ಹಾಗಾಗಿ ಇದನ್ನು ಸುಮ್ನೆ ಹೆಸರಿನ ಹಟ ಅಂದುಕೊಳ್ಳಬೇಡಿ.

ಆ ಖಾಲಿ ಜಾಗ ಕೆಲಸ ಮಾಡಿತೇ? ಮಾಡಿತು. 2023ರ ಲೆಕ್ಕದಲ್ಲಿ ಜಮೈಕಾ ಮೂಲದವರು 10 ಲಕ್ಷ ದಾಟಿದ್ದರು, ಹೈಟಿಯವರೂ 10 ಲಕ್ಷದ ಮೇಲೆ. ಅಚ್ಚಿನಲ್ಲಿ ಉದಾಹರಣೆಯಾಗಿ ಇದ್ದ ಹೆಸರುಗಳೂ ಇವೇ ಅನ್ನುವುದನ್ನು ಮರೆಯಬಾರದು. ತಮ್ಮ ಹೆಸರು ಕಣ್ಣಿಗೆ ಬಿದ್ದರೆ ಜನ ಬರೆಯುತ್ತಾರೆ.

2024ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ನಿಯಮ ಬದಲಿಸಿತು. ಹಿಸ್ಪಾನಿಕ್, ಜನಾಂಗ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕೇಳಬೇಕು. ಅದರ ಮಾದರಿಯಲ್ಲಿ ಜಮೈಕಾ, ಹೈಟಿಗೆ ಸ್ವಂತ ಬಾಕ್ಸ್ ಇದೆ. ಗಯಾನಾ, ಟ್ರಿನಿಡಾಡ್, ಬಾರ್ಬಡೋಸ್‌ನವರು ಮತ್ತೆ ಕೈಯಲ್ಲೇ ಬರೆಯಬೇಕು. 2030ಕ್ಕೆ ಹೀಗೇ ಬಂದರೆ ನನ್ನಿಂದ ಅರ್ಧ ಸ್ಟಾರ್ ಜಾಸ್ತಿ, ಅದಕ್ಕಿಂತ ಇಲ್ಲ.

ಅಲ್ಲಿಯವರೆಗೆ ಬಳಸುವವರಿಗೆ ಒಂದು ಉಪಾಯ. ಒಂದಕ್ಕಿಂತ ಜಾಸ್ತಿ ಬಾಕ್ಸಿಗೆ ಗುರುತು ಹಾಕಬಹುದು, 2000ದಿಂದಲೇ ಈ ಅವಕಾಶ ಇದೆ. ಖಾಲಿ ಜಾಗದಲ್ಲಿ ಬರೆದದ್ದನ್ನು 2010ರಲ್ಲಿ 30 ಅಕ್ಷರಕ್ಕೆ ಕತ್ತರಿಸುತ್ತಿದ್ದರು, 2020ರಲ್ಲಿ 200 ಅಕ್ಷರದವರೆಗೆ ಓದಿದರು. ಆಂಟಿ 'ಏಷ್ಯನ್ ಇಂಡಿಯನ್'ಗೂ ಗುರುತು ಹಾಕಿಸಿದರು, 'ಇತರೆ'ಯಲ್ಲಿ ಗಯಾನೀಸ್ ಅಂತಲೂ ಬರೆಸಿದರು. ಸ್ಪೆಲ್ಲಿಂಗ್ ಸರಿ ಇದೆಯಾ ಅಂತ ಫೋನು ಕೇಳಿ ಪಡೆದು ನೋಡಿದ ಮೇಲೇ ಕಳಿಸಲು ಒಪ್ಪಿದ್ದು.